ನಾಲ್ಕು ದಿನದ ಮನೆ: ತಾಳವಾಡಿಯಿಂದ ವೇಳಾಂಗಣಿಗೆ

ಬೇಸಿಗೆ ರಜೆ ಬಂತೆಂದರೆ, ಇಲ್ಲವೆ ಆಗಸ್ಟ್ ಕೊನೆಯಲ್ಲಿ ವೇಳಾಂಗಣಿಯ ಧ್ವಜಾರೋಹಣದ ದಿನ ಹತ್ತಿರವಾಯಿತೆಂದರೆ, ನಮ್ಮ ಗಡಿಸೀಮೆಯ ಕ್ರೈಸ್ತ ಕುಟುಂಬಗಳಲ್ಲಿ ಒಂದೇ ಮಾತು: "ಈ ಸಲ ಎಲ್ಲರೂ ಸೇರಿ ಒಂದು ಗಾಡಿ ಮಾಡಿಕೊಂಡು ಹೋಗಿಬರೋಣ." ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಹತ್ತು ಹನ್ನೆರಡು ಜನ ಒಂದು ಟೆಂಪೊ ಟ್ರಾವೆಲರ್ ಹತ್ತುತ್ತಾರೆ. ಆಮೇಲೆ ಮೂರು ನಾಲ್ಕು ದಿನ ಆ ಗಾಡಿಯೇ ಮನೆ. ಅಲ್ಲೇ ಜಪಸರ, ಅಲ್ಲೇ ಊಟ, ಅಲ್ಲೇ ತೂಕಡಿಕೆ, ಅಲ್ಲೇ ಜಗಳ, ಅಲ್ಲೇ ರಾಜಿ.

ಪರದೇಶಗಳಲ್ಲಿ ಇದಕ್ಕೆಂದೇ ಮೋಟರ್‌ಹೋಮ್ ಎಂಬ ವಾಹನಗಳುಂಟು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಅದರೊಳಗೇ ಇರುತ್ತವೆ. ನೆರೆಯ ಕೇರಳ ಸರ್ಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆಯನ್ನು ತಂದಿತು. ಆದರೆ ಅಂಥ ಗಾಡಿಯ ಬಾಡಿಗೆ ನಮ್ಮ ಕುಟುಂಬಗಳ ಕೈಗೆ ಎಟುಕುವಂಥದಲ್ಲ. ಆ ಗಾಡಿ ನಮಗೆ ಬೇಡ. ಅದರಲ್ಲಿ ಬದುಕುವವರು ಕಲಿತಿರುವ ಪಾಠಗಳು ಬೇಕು. ಚಕ್ರದ ಮೇಲಿನ ಮನೆಯನ್ನು ಹೇಗೆ ಆರಿಸಬೇಕು, ಅದರಲ್ಲಿ ಏನು ತುಂಬಬೇಕು, ಹೇಗೆ ಬಾಳಬೇಕು ಎಂಬುದನ್ನು ತಾಳವಾಡಿಯಿಂದ ವೇಳಾಂಗಣಿಯ ಹಾದಿ ಹಿಡಿದೇ ನೋಡೋಣ. ಹೊಸೂರಿನವರಿಗೂ, ನೀಲಗಿರಿಯವರಿಗೂ, ಕಾಸರಗೋಡಿನವರಿಗೂ ಹಾದಿ ಬೇರೆಯಾದರೂ ಮಾತು ಇದೇ.

ಗಾಡಿ ಆರಿಸುವಾಗ

ಮೊದಲನೆಯದು ಸೀಟಿನ ಲೆಕ್ಕ. ಹನ್ನೆರಡು ಜನಕ್ಕೆ ಹನ್ನೆರಡು ಸೀಟಿನ ಗಾಡಿ ಸಾಕೆಂದುಕೊಳ್ಳಬೇಡಿ. ಚೀಲ, ನೀರಿನ ಕ್ಯಾನು, ಹಾಸಿಗೆ ಬಟ್ಟೆ ಇವುಗಳಿಗೂ ಜಾಗ ಬೇಕು. ಹತ್ತು ಜನಕ್ಕೆ ಹದಿನಾಲ್ಕು ಸೀಟಿನ ಗಾಡಿ ಹಿಡಿದರೆ ವಯಸ್ಸಾದವರು ಕಾಲು ಚಾಚಬಹುದು. "ಸಾಮಾನೆಲ್ಲ ಮೇಲೆ ಕಟ್ಟೋಣ" ಎನ್ನುವವರಿದ್ದಾರೆ. ಭಾರ ಮೇಲೆ ಹೋದಷ್ಟೂ ತಿರುವಿನಲ್ಲಿ ಗಾಡಿ ತೂಗುತ್ತದೆ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ: ಮೋಟರ್‌ಹೋಮಿನವರ ಮೊದಲ ಸೂತ್ರ ಇದೇ. ನಡುವೆ ನಡೆದಾಡುವ ಜಾಗದಲ್ಲಿ ಮಾತ್ರ ಏನನ್ನೂ ಇಡಬೇಡಿ. ಅವಸರಕ್ಕೆ ಹೊರಗೆ ಬರುವ ದಾರಿ ಅದೊಂದೇ.

ಎರಡನೆಯದು ನಂಬರ್ ಪ್ಲೇಟು. ಗಡಿಯಲ್ಲಿರುವ ನಮಗೆ ಇದು ಮುಖ್ಯ. ಬಾಡಿಗೆಗೆ ಹಿಡಿಯುವ ಗಾಡಿಗೆ ಹಳದಿ ಬೋರ್ಡು ಇರಲೇಬೇಕು. ಚಾಮರಾಜನಗರದಿಂದ ಕರ್ನಾಟಕದ ಗಾಡಿ ತರಿಸುವುದಾದರೆ ತಮಿಳುನಾಡಿಗೆ ಬರುವ ಪರ್ಮಿಟ್, ವಿಮೆ, ಎಫ್.ಸಿ. ಮೂರನ್ನೂ ಕಣ್ಣಾರೆ ನೋಡಿ. ಪರಿಚಯದವರ ಬಿಳಿ ಬೋರ್ಡಿನ ಗಾಡಿ ಸಾವಿರ ರೂಪಾಯಿ ಅಗ್ಗವಾಗಬಹುದು. ದೇವರು ಕಾಪಾಡಲಿ, ಏನಾದರೂ ಸಂಭವಿಸಿದರೆ ವಿಮೆಯ ಹಣಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು. ಸ್ವಂತ ಗಾಡಿಯಿದ್ದವರು ಸೀಟು ಕಿತ್ತು ಮಂಚ ಹಾಕಿಸುವ ಯೋಚನೆ ಮಾಡಿದರೆ ಮೊದಲು ಆರ್.ಟಿ.ಓ. ಅನುಮತಿ ಪಡೆಯಿರಿ. ಅದಿಲ್ಲದೆ ಗಾಡಿಯ ರೂಪ ಬದಲಿಸುವುದು ಕಾನೂನಿಗೆ ವಿರುದ್ಧ.

ಮೂರನೆಯದು ಟೈರು, ಸ್ಟೆಪ್ನಿ, ಬ್ರೇಕು. ಬೆಟ್ಟದಿಂದ ಇಳಿದು ಹೊರಡುವ ನಮಗೆ ಯಾತ್ರೆಯ ಪರೀಕ್ಷೆ ಮೊದಲ ಎರಡು ಗಂಟೆಯಲ್ಲೇ ಇದೆ.

ದಿಂಬಂ ಇಳಿಯುವಾಗ

ಹಾಸನೂರು ದಾಟಿದ ಮೇಲೆ ದಿಂಬಂ ಘಾಟಿಯ 27 ತಿರುವುಗಳು ಬರುತ್ತವೆ. ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಬಾಡಿಗೆ ಗಾಡಿಗಳ ಸಮಯವನ್ನು ಹಿಂದಿನ ದಿನವೇ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿಕೊಳ್ಳಿ. ಈ ನಿರ್ಬಂಧವನ್ನು ಶಪಿಸುವವರುಂಟು. ನನ್ನ ಮಟ್ಟಿಗೆ ಅದೊಂದು ಉಪಕಾರ. ನಡುರಾತ್ರಿ ಹೊರಟು ಬೆಳಗಾಗುವುದರೊಳಗೆ ತಲುಪಬೇಕೆಂಬ ಹಟಕ್ಕೆ ಅದು ಕಡಿವಾಣ ಹಾಕಿದೆ.

ಇಳಿಯುವಾಗ ಗಾಡಿ ಸಣ್ಣ ಗೇರಿನಲ್ಲೇ ಇರಲಿ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಚಾಲಕರಿಗೆ ಕೂಡಲೇ ಹೇಳಿ. ಮಕ್ಕಳಿಗೆ ಹೊರಡುವ ಮೊದಲು ಎಣ್ಣೆಯ ತಿಂಡಿ ಬೇಡ, ಎರಡು ಇಡ್ಲಿ ಸಾಕು. ವಾಂತಿ ಬರುವವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಕೋತಿಗಳಿಗೆ ತಿನಿಸು ಎಸೆಯಬೇಡಿ, ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ತಮಿಳುನಾಡು 2019ರ ಜನವರಿ 1ರಿಂದಲೇ ನಿಷೇಧಿಸಿದೆ. ಸ್ಟೀಲ್ ತಟ್ಟೆ, ಲೋಟಗಳನ್ನೇ ಒಯ್ಯಿರಿ.

ಘಾಟಿ ಇಳಿದರೆ ಬಣ್ಣಾರಿ, ಆಮೇಲೆ ಭವಾನಿ ನದಿಯ ದಡದ ಸತ್ಯಮಂಗಲ. ಇಲ್ಲಿ ತಿಂಡಿಗೆ ನಿಲ್ಲಿಸಿದಾಗ ಮಕ್ಕಳಿಗೆ ಒಂದು ಸಂಗತಿ ಹೇಳಿ. 17ನೆಯ ಶತಮಾನದಲ್ಲಿ ಮೈಸೂರು ಮಿಷನ್ ಆರಂಭಿಸಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಗುರುಗಳು ಇಟಲಿಯಿಂದ ಬಂದು ಕನ್ನಡ ಕಲಿತವರು, ಕನ್ನಡದಲ್ಲೇ ಬರೆದವರು. ಸತ್ಯಮಂಗಲ ಆ ಮಿಷನ್ನಿನ ಕೇಂದ್ರಗಳಲ್ಲೊಂದು. ನಾವು ಎರಡು ಗಂಟೆಯಲ್ಲಿ ಇಳಿಯುವ ಈ ಬೆಟ್ಟದ ಸೀಮೆಯಲ್ಲಿ ಅಂದಿನ ಗುರುಗಳು ಓಡಾಡಿದ ಕಷ್ಟವನ್ನು ನೆನೆದರೆ ಸೀಟು ಗಟ್ಟಿಯಾಯಿತೆಂಬ ದೂರು ತಾನಾಗಿಯೇ ಕಡಿಮೆಯಾಗುತ್ತದೆ.

ಗಾಡಿಯಲ್ಲಿ ಏನೇನಿರಬೇಕು

ನೀರು: ತಲೆಗೆ ದಿನಕ್ಕೆ ಮೂರು ಲೀಟರ್ ಕುಡಿಯುವ ನೀರು ಲೆಕ್ಕ ಹಾಕಿ. ಹತ್ತು ಜನಕ್ಕೆ 20 ಲೀಟರಿನ ಎರಡು ಕ್ಯಾನು ತಳದಲ್ಲಿ ಇರಲಿ. ಕೈಕಾಲು ತೊಳೆಯಲು ಬೇರೆ ಕ್ಯಾನು, ಅದಕ್ಕೊಂದು ಗುರುತು.

ಊಟ: ಹುರಿಹಿಟ್ಟು, ತಂಬಿಟ್ಟು, ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಕೆಡದ ಈ ತಿನಿಸುಗಳಿದ್ದರೆ ದಾರಿಯಲ್ಲಿ ಒಲೆ ಹೊತ್ತಿಸುವ ಗೋಜಿಲ್ಲ. ಬಿಸಿ ಅನ್ನ ಹೋಟೆಲಿನಲ್ಲಿ ಸಿಗುತ್ತದೆ.

ಔಷಧಿ: ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ, ಚೀಟಿಯ ಸಮೇತ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ಮಂಜುಗಡ್ಡೆ ತಗಲಿದರೂ ಕೆಡುತ್ತದೆ. ಬಟ್ಟೆ ಸುತ್ತಿ ತಣ್ಣನೆಯ ಫ್ಲಾಸ್ಕಿನಲ್ಲಿಡಿ. ಗಾಡಿಯ ಮುಂದಿನ ಗಾಜಿನ ಬಳಿ ಎಂದಿಗೂ ಇಡಬೇಡಿ.

ಸಣ್ಣಪುಟ್ಟವು: ಹತ್ತಿ ಇಳಿಯಲು ಒಂದು ಗಟ್ಟಿ ಮಣೆ, ಟಾರ್ಚು, ಹಗ್ಗ, ಹಳೆಯ ಸೀರೆ ಎರಡು, ಬೆಂಕಿ ಆರಿಸುವ ಸಿಲಿಂಡರ್ ಒಂದು. ಆ ಹಳೆಯ ಸೀರೆ ಮರೆ ಕಟ್ಟಲೂ ಆಗುತ್ತದೆ, ಮಗುವಿಗೆ ಜೋಲಿ ಕಟ್ಟಲೂ ಆಗುತ್ತದೆ.

ಹೇಳದೆ ಉಳಿಯುವ ಮಾತು ಒಂದಿದೆ. ನಮ್ಮ ತಾಯಂದಿರು ಬಹಳ ಮಂದಿ ದಾರಿಯಲ್ಲಿ ನೀರನ್ನೇ ಕುಡಿಯುವುದಿಲ್ಲ. ಯಾಕೆಂದು ಗಂಡಸರು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಶೌಚಕ್ಕೆ ಜಾಗ ಸಿಗುವುದೋ ಇಲ್ಲವೋ ಎಂಬ ಭಯ. ಅದರಿಂದ ತಲೆಸುತ್ತು, ಉರಿಮೂತ್ರ, ಯಾತ್ರೆಯ ಸಂತೋಷವೆಲ್ಲ ಮಣ್ಣುಪಾಲು. ಆದ್ದರಿಂದ ಯಾರೂ ಕೇಳದಿದ್ದರೂ ಎರಡು ಗಂಟೆಗೊಮ್ಮೆ ಶೌಚಾಲಯವಿರುವ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಗಾಡಿ ನಿಲ್ಲಲೇಬೇಕು ಎಂಬ ನಿಯಮ ಮಾಡಿಕೊಳ್ಳಿ. ಮಂಡಿನೋವಿರುವ ಅಜ್ಜಿಗೆ ಮಡಚುವ ಕಮೋಡ್ ಕುರ್ಚಿಯೊಂದನ್ನು ಹಿಂದೆ ಇಟ್ಟುಕೊಂಡರೆ ಅದಕ್ಕಿಂತ ದೊಡ್ಡ ಸೇವೆಯಿಲ್ಲ.

ಬೆಂಕಿ ಮತ್ತು ಹೊಗೆ

ಗ್ಯಾಸ್ ಸಿಲಿಂಡರನ್ನು ಜನರಿರುವ ಗಾಡಿಯೊಳಗೆ ಒಯ್ಯಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೋಗದೆ ಸೀಟಿನ ಕೆಳಗೆ ನಿಂತು ಕಿಡಿಗಾಗಿ ಕಾಯುತ್ತದೆ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯಲ್ಲಿ ನಿಂತಿದ್ದ ರೈಲು ಬೋಗಿಯೊಂದಕ್ಕೆ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಕೊಂಡರು. ಅವರೂ ಉತ್ತರದಿಂದ ಬಂದ ಯಾತ್ರಿಕರೇ. ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರೇ ಅದಕ್ಕೆ ಕಾರಣವಾಯಿತು.

ಎರಡನೆಯದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. 2024ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹತ್ತಿರದಲ್ಲಿ, ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಎ.ಸಿ.ಗಾಗಿ ಚಾಲೂ ಇಟ್ಟಿದ್ದ ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಅನಿಲ ಒಳಗೆ ನುಗ್ಗಿತ್ತೆಂದು ಪರಿಣತರ ಪರಿಶೀಲನೆಯಿಂದ ತಿಳಿಯಿತು. ಅಷ್ಟು ಸೌಕರ್ಯದ ಗಾಡಿಯಲ್ಲೇ ಹೀಗಾದರೆ ನಮ್ಮ ಬಾಡಿಗೆ ಗಾಡಿಯ ಮಾತೇನು? ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ, ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಮಲಗಬೇಡಿ. ಎಷ್ಟೇ ಸೆಕೆಯಿರಲಿ, ಮಕ್ಕಳು ಎಷ್ಟೇ ಅಳಲಿ, ಬೇಡ. ಎಂಜಿನ್ ಆರಿಸಿ ಕಿಟಕಿ ತೆರೆಯಿರಿ. ಅದಕ್ಕಿಂತ ಮೇಲು ಕೋಣೆ ಹಿಡಿಯುವುದು.

ಕಾವೇರಿಯ ಜೊತೆಯಲ್ಲಿ

ಗೋಬಿ, ಈರೋಡು, ಕರೂರು ದಾಟಿದರೆ ತಿರುಚ್ಚಿಯವರೆಗೆ ಹಾದಿ ಕಾವೇರಿಯ ಪಕ್ಕದಲ್ಲೇ ಸಾಗುತ್ತದೆ. ಕೊಡಗಿನಲ್ಲಿ ಹುಟ್ಟಿದ ನದಿ ಇಲ್ಲಿ ಮೈಲಿಯಗಲವಾಗಿ ಹರಡಿದೆ. ಗಡಿಯ ಎರಡೂ ಕಡೆ ನೆಂಟರಿರುವ ನಮಗೆ ಈ ನೀರನ್ನು ನೋಡುತ್ತಾ ಜಪಸರ ಹೇಳುವುದರಲ್ಲಿ ಒಂದು ವಿಶೇಷ ಸಮಾಧಾನವಿದೆ.

ಒಟ್ಟು ಹಾದಿ 400 ಕಿ.ಮೀ.ಗೂ ಮೇಲೆ. ಒಂದೇ ದಿನದಲ್ಲಿ ಮುಗಿಸಬಹುದು, ಮುಗಿಸಬೇಡಿ. ಮೊದಲ ರಾತ್ರಿಗೆ ಪೂಂಡಿ ಮಾತೆಯ ಪುಣ್ಯಕ್ಷೇತ್ರ ಒಳ್ಳೆಯ ತಂಗುದಾಣ. ತಿರುಚ್ಚಿಗೂ ತಂಜಾವೂರಿಗೂ ನಡುವೆ, ಭತ್ತದ ಗದ್ದೆಗಳ ಸೀಮೆಯಲ್ಲಿರುವ ಈ ದೇವಾಲಯವನ್ನು 18ನೆಯ ಶತಮಾನದ ಆದಿಯಲ್ಲಿ ಬೆಸ್ಕಿ ಗುರುಗಳು, ತಮಿಳರ ವೀರಮಾಮುನಿವರ್, ಸ್ಥಾಪಿಸಿದರೆಂದು ಪ್ರತೀತಿ. 1999ರಲ್ಲಿ ಇದು ಬೆಸಿಲಿಕಾ ಆಯಿತು. ಯಾತ್ರಿಕರಿಗೆ ಕೋಣೆಗಳಿವೆ, ಮುಂಚಿತವಾಗಿ ಕೇಳಿಡಿ.

ಕೋಣೆ ಹಿಡಿಯುವಾಗ ಮೊದಲ ಹಾಸಿಗೆ ಚಾಲಕರದು. ನಾವೆಲ್ಲ ಕೋಣೆಯಲ್ಲಿ ಮಲಗಿ, ನೂರಾರು ಕಿ.ಮೀ. ಓಡಿಸಿ ದಣಿದವರನ್ನು ಸೊಳ್ಳೆಯ ನಡುವೆ ಸೀಟಿನ ಮೇಲೆ ಮಲಗಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಸರಿಯಾಗಿ ನಿದ್ದೆಯಿಲ್ಲದ ಕಣ್ಣು ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ತಾನೇ ಮುಚ್ಚಿಕೊಳ್ಳುತ್ತದೆ. ಹಿಂದೆ ಕುಳಿತ ಹತ್ತು ಜೀವಗಳೂ ಆ ಕಣ್ಣಿಗೇ ಒಪ್ಪಿಸಿದವು. ಅವರು ಯಾವ ಧರ್ಮದವರೇ ಆಗಿರಲಿ, ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಸಂಜೆ ಏಳಾದ ಮೇಲೆ "ಇನ್ನು ಸ್ವಲ್ಪ ದೂರ" ಎಂದು ಒತ್ತಾಯಿಸಬೇಡಿ.

ವೇಳಾಂಗಣಿಯಲ್ಲಿ

ಮರುದಿನ ತಂಜಾವೂರು, ತಿರುವಾರೂರು, ನಾಗಪಟ್ಟಣ ದಾಟಿದರೆ ಆರೋಗ್ಯಮಾತೆಯ ಬಿಳಿಯ ಗೋಪುರಗಳು ಕಾಣುತ್ತವೆ. 1962ರಲ್ಲಿ ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳು ಇದನ್ನು ಬೆಸಿಲಿಕಾ ಪದವಿಗೇರಿಸಿದರು. ಆಗಸ್ಟ್ 29ರಂದು ಧ್ವಜ ಏರಿ ಸೆಪ್ಟೆಂಬರ್ 8ರಂದು ಹಬ್ಬ ಮುಗಿಯುತ್ತದೆ. ಆ ದಿನಗಳಲ್ಲಿ ಕನ್ನಡದಲ್ಲೂ ಬಲಿಪೂಜೆಯಿರುತ್ತದೆ. ಕೈಗೂಸು, ವೃದ್ಧರು ಇರುವವರು ಹಬ್ಬದ ನೂಕುನುಗ್ಗಲು ಬಿಟ್ಟು ಬೇರೆ ದಿನಗಳಲ್ಲಿ ಹೋಗುವುದು ಲೇಸು. ಗಾಡಿ ನಿಲ್ಲಿಸಿದ ಜಾಗದ ಹೆಸರು, ಗಾಡಿಯ ನಂಬರು, ಮನೆಯವರ ಫೋನ್ ನಂಬರು ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲೂ, ಪ್ರತಿ ಅಜ್ಜಿಯ ಸೆರಗಿನ ಗಂಟಿನಲ್ಲೂ ಇರಲಿ.

ಕಡಲನ್ನು ಕಂಡಿರದ ಬೆಟ್ಟದ ಮಕ್ಕಳು ನೀರಿಗೆ ಓಡುವುದು ಸಹಜ. ಮೊಣಕಾಲು ಮಟ್ಟ ದಾಟಲು ಬಿಡಬೇಡಿ. 2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನದ ಭಾನುವಾರ, ಇದೇ ತೀರದಲ್ಲಿ ಸುನಾಮಿ ಅಲೆಗೆ ಸಿಕ್ಕಿ ನೂರಾರು ಯಾತ್ರಿಕರು ಪ್ರಾಣ ಕಳೆದುಕೊಂಡರು. ಅವರ ಆತ್ಮಶಾಂತಿಗಾಗಿ ದಡದಲ್ಲಿ ನಿಂತು ಒಂದು 'ನಮೋ ಮರಿಯಾ' ಹೇಳಿ.

ನಡುತಿಟ್ಟಿನ ದೇವಾಲಯಕ್ಕೂ ಹೋಗಿಬನ್ನಿ. ಮಜ್ಜಿಗೆ ಮಾರುತ್ತಿದ್ದ ಕುಂಟ ಬಾಲಕನ ಬಳಿ ಮಾತೆಯು ತನ್ನ ಕಂದನಿಗಾಗಿ ಮಜ್ಜಿಗೆ ಕೇಳಿದಳು, ಅವನು ಕೊಟ್ಟನು, ಅವನ ಕಾಲು ವಾಸಿಯಾಯಿತು ಎಂಬುದು ಅಲ್ಲಿಯ ಪರಂಪರೆ. ಬಿಸಿಲಲ್ಲಿ ದಾರಿ ನಡೆದ ತಾಯಿಯೊಬ್ಬಳ ಬಾಯಾರಿಕೆಯ ಕಥೆಯೇ ಅಲ್ಲವೇ ಅದು? ಅದನ್ನು ಕೇಳಿ ಕಣ್ಣೊರೆಸಿಕೊಳ್ಳುವ ನಾವು, ನಮ್ಮದೇ ಗಾಡಿಯಲ್ಲಿ ನೀರು ಕುಡಿಯದೆ ಕುಳಿತ ತಾಯಿಯನ್ನು ನೋಡದೆ ಹೋದರೆ, ನಿದ್ದೆಗೆಟ್ಟ ಚಾಲಕರಿಗೆ ಒಂದು ಲೋಟ ಮಜ್ಜಿಗೆ ಕೊಡದೆ ಹೋದರೆ, ಎಷ್ಟು ಮೊಂಬತ್ತಿ ಹಚ್ಚಿ ಏನು ಫಲ?

ಪ್ರಿಯ ಕುಟುಂಬದವರೇ, ಹಿಂತಿರುಗಿ ಬರುವಾಗಲೂ ಹಗಲಿನಲ್ಲೇ ಬನ್ನಿ. ಊರು ಮುಟ್ಟಿದ ಕೂಡಲೇ ಎಲ್ಲರೂ ಸೇರಿ ಗಾಡಿ ಗುಡಿಸಿ ಒರೆಸಿ ಚಾಲಕರ ಕೈಗೆ ಒಪ್ಪಿಸಿ. ನಾಲ್ಕು ದಿನ ನಮ್ಮ ಮನೆಯಾಗಿದ್ದದ್ದು ನಾಳೆ ಇನ್ನೊಬ್ಬರ ಮನೆ. ಆರೋಗ್ಯಮಾತೆ ನಿಮ್ಮೆಲ್ಲರ ಹಾದಿಯನ್ನು ಕಾಯಲಿ.