ಏಳರ ಒಗಟು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ನೆರೆದಾಗ, ಕಂಬಳಿ ತೊಟ್ಟ ಗೊರವರ ಬಾಯಿಂದ ‘ಏಳುಕೋಟಿ’ ಎಂಬ ಘೋಷವು ಮೊಳಗುತ್ತದೆ. ಭಕ್ತರಿಗೆ ಒಲಿದ ಈ ಏಳು ಲೆಕ್ಕದವರಿಗೆ ಬೇಗನೆ ಒಲಿಯದು. ಎರಡು, ಐದುಗಳಿಂದ ಒಂದು ಸಂಖ್ಯೆ ಭಾಗವಾಗುವುದೇ ಎಂಬುದನ್ನು ಕೊನೆಯ ಅಂಕಿಯೇ ಹೇಳಿಬಿಡುತ್ತದೆ. ಏಳಕ್ಕೆ ಅಂತಹ ಗುರುತಿಲ್ಲ. ಹಾಗಾದರೆ ‘ಒಂದು’ ಎಂಬ ಅಂಕಿಯನ್ನು ಮಾತ್ರ ಬಳಸಿ, ಏಳರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯನ್ನು ಬರೆಯಬಹುದೇ?

ಬರಿಯ ಊಹೆಯಿಂದ ದಾರಿ ತಿಳಿಯದು. ಶೇಷವನ್ನು ಹಿಡಿದು ನಡೆಯಬೇಕು. 1ರಲ್ಲಿ ಶೇಷ 1. ಅದರ ಬಲಕ್ಕೆ ಮತ್ತೊಂದು 1 ಇಳಿಸಿದರೆ 11, ಶೇಷ 4. ಮತ್ತೆ ಇಳಿಸಿದರೆ 41, ಶೇಷ 6. ಹೀಗೆಯೇ 61ರಲ್ಲಿ 5, 51ರಲ್ಲಿ 2. ಕಡೆಗೆ 21ರಲ್ಲಿ ಸೊನ್ನೆ! ಆರು ಒಂದುಗಳು ಸಾಕಾದವು: 15873 × 7 = 111111.

ಇದೇ ನಿಬಂಧನೆಯನ್ನು ಐದಕ್ಕೆ ಹಾಕಿದರೆ? ಐದರ ಮಗ್ಗಿಯ ಸಂಖ್ಯೆಗಳೆಲ್ಲ 5ರಲ್ಲಿ ಇಲ್ಲವೆ ಸೊನ್ನೆಯಲ್ಲಿ ಮುಗಿಯುತ್ತವೆ. ಜೀವಮಾನವೆಲ್ಲ ಒಂದುಗಳನ್ನು ಬರೆದರೂ ಉತ್ತರ ದೊರೆಯದು. ಆಗದೆಂಬುದನ್ನು ಕಾರಣಸಹಿತವಾಗಿ ಅರಿಯುವುದೂ ಒಗಟನ್ನು ಬಿಡಿಸಿದಂತೆಯೇ.

ಈ ವಿನೋದ ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆದಿದ್ದಾನೆ, 142857143ನ್ನು 7ರಿಂದ ಗುಣಿಸಿ 1000000001 ಎಂದು ತೋರಿಸಿದ್ದಾನೆ. ಇಂತಹ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದನು. ಆ ಹಾರವನ್ನು ಪೋಣಿಸಲು ಸಿರಿವಂತಿಕೆ ಬೇಡ; ಒಂದು ಹಲಗೆ, ಒಂದು ಬಳಪ, ಶೇಷವನ್ನು ನಡುದಾರಿಯಲ್ಲಿ ಕೈಬಿಡದ ತಾಳ್ಮೆ ಇದ್ದರೆ ಸಾಕು.