ಏಪ್ರಿಲ್ ಬಿಸಿಲಲ್ಲಿ ತೋಟ ನೋಡುವವರು

ಚನ್ನಗಿರಿ, ಯುಗಾದಿ ಕಳೆದ ಮೇಲೆ

ಗಿಡಮರದ ಆಸೆ ಇರುವವರು ಇಷ್ಟು ಬಿಸಿಲಲ್ಲಿ ಯಾಕೆ ತೋಟ ನೋಡಲು ಹೊರಡುತ್ತಾರೆ? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿ, ಆಗಸ್ಟ್ ತಿಂಗಳಲ್ಲಿ. ಹೂವಿಗೆ ಹಿತವಾದ ಕಾಲ, ನೋಡುವವರಿಗೂ ಹಿತ. ನಮ್ಮ ಕಡೆ ಹಾಗಲ್ಲ. ಮಕ್ಕಳ ಪರೀಕ್ಷೆ ಮುಗಿಯಬೇಕು, ಜಾತ್ರೆಗೋ ಮದುವೆಗೋ ನೆಂಟರು ಬರಬೇಕು, ಊಟವಾಗಿ ಒಂದು ನಿದ್ದೆ ತೆಗೆದ ಮೇಲೆ ಯಾರಾದರೂ "ತೋಟದ ಕಡಿಗೆ ಹೋಗಿ ಬರಾಣ ಬರ್ರಿ" ಅನ್ನಬೇಕು. ದಾವಣಗೆರೆಯಲ್ಲಿ ತಾರಸಿ ಮೇಲೆ ಕುಂಡ ಇಟ್ಟುಕೊಂಡವರು, ನಿವೃತ್ತರಾಗಿ ಸೈಟಿನ ಹಿಂದೆ ನಾಲ್ಕು ಗಿಡ ಹಾಕಿದವರು, ಎಲ್ಲರೂ ಎದ್ದು ಹೊರಡುತ್ತಾರೆ. ಟಿಕೆಟ್ ಇಲ್ಲ, ಸಮಯದ ಫಲಕ ಇಲ್ಲ. ಸಂಬಂಧವೇ ಪರವಾನಗಿ.

ಅಡಿಕೆ ತೋಟದೊಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಾಗುತ್ತದೆ. ಒಂಬತ್ತಡಿಗೊಂದು ಗಿಡ ಇಟ್ಟರೆ ಎಕರೆಗೆ ಸುಮಾರು 537 ಮರ ಕೂರುತ್ತವೆ. ಅಷ್ಟೂ ಮರಗಳ ಗರಿ ಮೇಲೆ ಒಂದಕ್ಕೊಂದು ಸೇರಿ ಚಪ್ಪರ ಹಾಕಿರುತ್ತವೆ. ವಿಚಿತ್ರ ಏನೆಂದರೆ, ಬಂದವರು ಮೊದಲು ಮರ ನೋಡುವುದಿಲ್ಲ. "ಬೋರು ಹೆಂಗೈತಿ?" ಅನ್ನುತ್ತಾರೆ. ಆಮೇಲೆ "ಎಷ್ಟಿಂಚು ನೀರು?" ಅದಾದ ಮೇಲೆ "ಎಷ್ಟಡಿಗೆ ಬಿತ್ತು?" ಈ ಮೂರಕ್ಕೂ ಉತ್ತರ ಸಿಕ್ಕ ಮೇಲಷ್ಟೇ ಕತ್ತು ಮೇಲಕ್ಕೆತ್ತಿ ಹೊಂಬಾಳೆ ಎಣಿಸುವುದು.

ಎಣಿಸುವುದಕ್ಕೆ ಕಾರಣ ಇದೆ. ಕೊಯ್ಲು ಮುಗಿದು ತೋಟ ಸುಮ್ಮನಿದ್ದಂತೆ ಕಂಡರೂ ಮುಂದಿನ ಫಸಲಿನ ಹಣೆಬರಹ ಬರೆಯುವುದು ಈ ತಿಂಗಳುಗಳೇ. ಬಿಚ್ಚಿದ ಹೊಂಬಾಳೆಯಲ್ಲಿ ಹರಳು ಕಟ್ಟುವಾಗ ನೀರು ತಪ್ಪಿದರೆ ಹರಳು ಉದುರುತ್ತದೆ. ಬುಡದಲ್ಲಿ ಹಸಿರು ಹರಳು ಚೆಲ್ಲಿದ್ದರೆ ಬಂದವರು ಏನೂ ಅನ್ನುವುದಿಲ್ಲ, ಕಾಲಲ್ಲಿ ಸರಿಸಿ ಮುಂದೆ ಹೋಗುತ್ತಾರೆ. ಆ ಮೌನದಲ್ಲಿ ಇರುವಷ್ಟು ಸಭ್ಯತೆಯನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಲೆಕ್ಕ

ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಎನ್ನುವುದು ತಜ್ಞರ ಶಿಫಾರಸು. 537 ಮರಕ್ಕೆ ಗುಣಿಸಿದರೆ ಎಕರೆಗೆ ದಿನಕ್ಕೆ ಎಂಟೂವರೆ ಸಾವಿರದಿಂದ ಹತ್ತೂಮುಕ್ಕಾಲು ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಆದರೆ ಎರಡು ಲೋಡು. ಪ್ರತಿದಿನ. ಒಂದೇ ಎಕರೆಗೆ.

ಭದ್ರಾ ಕಾಲುವೆಯ ನೀರು, ಸೂಳೆಕೆರೆಯ ಆಸರೆ ಇರುವ ಕಡೆ ಈ ಲೆಕ್ಕ ಹೇಗೋ ಸರಿಹೋಗುತ್ತದೆ. ಆದರೂ ಅಚ್ಚುಕಟ್ಟಿನ ಕೊನೇ ಭಾಗದವರಿಗೆ ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆ ಅನ್ನುವುದೇ ಬೇಸಿಗೆಯ ಪಂಚಾಂಗ. ನೆಂಟರು ಇದನ್ನೂ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ. ಕೇಳಿದ್ದನ್ನು ಒಯ್ಯುತ್ತಾರೋ, ಕಂಡ ತಂಪನ್ನು ಮಾತ್ರ ಒಯ್ಯುತ್ತಾರೋ ಎನ್ನುವುದು ನನ್ನ ಗೊಂದಲ.

ಹೊನ್ನಾಳಿ, ನರ್ಸರಿಯೊಂದರಲ್ಲಿ

ಮೇಲೆ ಹಸಿರು ಶೇಡ್ ನೆಟ್. ನೆಟ್ಟಿನ ಮೇಲೆ 50 ಅಂತ ಇದ್ದರೆ ಬಿಸಿಲಿನಲ್ಲಿ ಅರ್ಧ ತಡೆಯುತ್ತದೆ, 75 ಅಂತಿದ್ದರೆ ಮುಕ್ಕಾಲು ಪಾಲು. ಚಳಿ ದೇಶದವರು ಗಾಜಿನ ಮನೆ ಕಟ್ಟಿದ್ದು ಬಿಸಿಲನ್ನು ಒಳಗೆ ಹಿಡಿದಿಡಲು. ನಮ್ಮ ಸಸಿಮನೆ ಕಟ್ಟುವುದು ಅದನ್ನು ಹೊರಗೆ ನಿಲ್ಲಿಸಲು. ತುಂಗಭದ್ರೆಯ ದಂಡೆಯಲ್ಲೇ ಏಪ್ರಿಲ್ ಹೀಗೆ ಸುಡುವಾಗ ಎಳೆ ಸಸಿಗೆ ಬೇರೆ ದಾರಿ ಎಲ್ಲಿದೆ?

ಕೊಳ್ಳಲು ಬಂದವರ ಕಣ್ಣು ಎತ್ತರದ ಸಸಿ ಮೇಲೆ. ನರ್ಸರಿಯ ಹಿರಿಯರು ಗಿಡ್ಡದ್ದನ್ನು ಎತ್ತಿ ಕೊಡುತ್ತಾರೆ: "ಎತ್ತರ ನೋಡಬ್ಯಾಡ್ರಿ, ಎಲಿ ಎಣಸ್ರಿ." ಅವರ ಮಾತು ಶಾಸ್ತ್ರಕ್ಕೆ ಸರಿಯಾಗಿದೆ. ಹದಿನೈದು ತಿಂಗಳ ಆಸುಪಾಸಿನ ಸಸಿಯಲ್ಲಿ ಐದೋ ಅದಕ್ಕಿಂತ ಹೆಚ್ಚೋ ಎಲೆ ಇರಬೇಕು, ಎತ್ತರ ಕಡಿಮೆ ಇರಬೇಕು. ಎಲೆ ಕಡಿಮೆಯಾಗಿ ಉದ್ದಕ್ಕೆ ಎದ್ದ ಸಸಿ ನೆರಳಲ್ಲಿ ಬಿಸಿಲು ಹುಡುಕಿಕೊಂಡು ಎದ್ದದ್ದೂ ಇರಬಹುದು. ಬೀಜದ ಗೋಟನ್ನು ಆರಿಸುವಾಗ ನೀರಿಗೆ ಹಾಕಿ ನೋಡುತ್ತಾರೆ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಗೋಟು ಗಟ್ಟಿ ಸಸಿ ಕೊಡುತ್ತದೆ. ಬೇಸಿಗೆ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿ ಸಿಗಬೇಕು! ಮಕ್ಕಳು ಬಕೆಟ್ಟಿನ ಸುತ್ತ ಕೂತು ಏಳಲೇ ಇಲ್ಲ.

ಮುಂಗಾರಿಗೆ ಗಿಡ ಹಾಕಬೇಕೆಂದರೆ ಗುಂಡಿ, ಗೊಬ್ಬರ, ಸಸಿ ಎಲ್ಲ ಈಗಲೇ ಗೊತ್ತಾಗಬೇಕು. ಬಿಸಿಲಲ್ಲಿ ಹೊರಡುವುದಕ್ಕೆ ಇದು ಅರ್ಧ ಉತ್ತರ. ಇನ್ನರ್ಧ ಹೊಳೆದದ್ದು ತಿರುಗಿ ಬರುವಾಗ, ಡಿಕ್ಕಿಯಲ್ಲಿದ್ದ ಸಸಿಗಳನ್ನು ನೋಡಿ. ತೋಟ ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲಿಲ್ಲ.

ನ್ಯಾಮತಿ ದಾರಿ

2018ರ ಸುಮಾರಿಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಊರು. ಇಲ್ಲಿಂದ ಮುಂದೆ ಮಲೆನಾಡಿನ ಸೆರಗು ಶುರು. ಅಡಿಕೆ ಮರಕ್ಕೆ ಎಲೆಬಳ್ಳಿ ಹಬ್ಬಿಸಿದ ತೋಟವೊಂದಕ್ಕೆ ಹೋದಾಗ ಚಪ್ಪಲಿ ಹೊರಗೆ ಬಿಡಿ ಅಂದರು. ಎಲೆತೋಟಕ್ಕೆ ಚಪ್ಪಲಿ ಹಾಕಿ ಹೋಗಬಾರದು ಎನ್ನುವುದು ಹಲವು ಕಡೆ ಇರುವ ನೇಮ. ಭಕ್ತಿಯೂ ಹೌದು. ಬಳ್ಳಿಯ ಬೇರು ಕೊಳೆಸುವ ರೋಗ ಮಣ್ಣಿನ ಜೊತೆ ಹರಡುವುದನ್ನು ನೆನೆದರೆ ಎಚ್ಚರವೂ ಹೌದು ಅನ್ನಿಸುತ್ತದೆ.

ಇದೇ ತೋಟದಲ್ಲಿ ಅಂಚಿನ ಸಾಲಿನ ಎಳೆ ಮರಗಳಿಗೆಲ್ಲ ಸುಣ್ಣ ಬಳಿದಿದ್ದರು. ನೈಋತ್ಯದ ಇಳಿಬಿಸಿಲು ಬಿದ್ದರೆ ಕಾಂಡ ಸುಟ್ಟು ಬಿರಿಯುತ್ತದೆ, ಮುಂದೊಂದು ದಿನ ಗಾಳಿಗೆ ಅಲ್ಲೇ ಮುರಿಯುತ್ತದೆ. ಬಂದ ಹೆಣ್ಣುಮಗಳೊಬ್ಬರು ತಮ್ಮ ತಾರಸಿಯ ನಿಂಬೆ ಗಿಡದ ಕಾಂಡವೂ ಹೀಗೇ ಬಿರಿದಿದೆಯೆಂದು ಹೇಳಿದರು. ಅಲ್ಲಿಂದ ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ.

ಇಂಗ್ಲೆಂಡಿನ ನೆನಪು

ಅಲ್ಲಿ 1927ರಲ್ಲಿ 609 ಖಾಸಗಿ ತೋಟಗಳು ತಲೆಗೆ ಒಂದು ಶಿಲಿಂಗ್ ಪಡೆದು ಬಾಗಿಲು ತೆರೆದವು; ಸೇರಿದ ಹಣ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ದಾದಿಯರಿಗೆ. ಆ ಏರ್ಪಾಡು ಈಗಲೂ ನಡೆದಿದೆ. ಗುರುತು ಪರಿಚಯ ಇಲ್ಲದವನೂ ಇನ್ನೊಬ್ಬನ ತೋಟ ನೋಡಬಹುದು ಎನ್ನುವುದು ನನಗೆ ಹಿಡಿಸಿತು. ನಮ್ಮಲ್ಲಿ ನೆಂಟಸ್ತಿಕೆ ಇಲ್ಲದ ಬಾಡಿಗೆ ಮನೆಯವರು, ತಾರಸಿ ಕುಂಡದವರು ಯಾರ ತೋಟದ ಗೇಟು ತಟ್ಟಬೇಕು?

ಜಗಳೂರು, ಮೇ

ಕೊನೆಗೂ ಇಲ್ಲಿಗೆ ಬಂದೆ. ಕಾಲುವೆಯ ಆಸರೆ ಇಲ್ಲದ, ಮಳೆ ಕಡಿಮೆಯ ಸೀಮೆ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಬದುಕುವ ನಾಡು. ತುಂಗಭದ್ರೆಯಿಂದ 57 ಕೆರೆಗಳಿಗೆ ನೀರು ತರುವ ಯೋಜನೆಯ ಮೇಲೆ ಊರೂರಿನ ಕಣ್ಣಿದೆ. ಹೀಗಿರುವ ತಾಲ್ಲೂಕಿನಲ್ಲೂ ರಸ್ತೆ ಬದಿ ಹೊಸ ಅಡಿಕೆ ಗಿಡ. ಎಲ್ಲಿಂದ ಬಂದವು ಎಂದರೆ "ಚನ್ನಗಿರಿ ಕಡಿಂದ. ನಮ್ಮ ಬೀಗ್ರು ಕೊಟ್ರು."

ಒಗಟು ಬಿಚ್ಚಿದ್ದು ಇಲ್ಲಿ. ತೋಟ ನೋಡಲು ಹೋದವರು ನೀರಿನ ಪ್ರಶ್ನೆಯನ್ನೇ ಮೊದಲು ಕೇಳಿದ್ದರು, ತಂದದ್ದು ಸಸಿಯನ್ನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ಮೇಲೆ ಬಂದ ಬೇಸಿಗೆಯಲ್ಲಿ ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿನ ಹಿಂದೆ ಬಿದ್ದವರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಉರಿಬಿಸಿಲಲ್ಲಿ ಕಂಡ ನೆರಳಿಗೆ ಮನಸ್ಸು ಸೋಲುವುದು ತಪ್ಪಲ್ಲ. ಆ ನೆರಳಿನ ಹಿಂದಿರುವ ಭದ್ರಾ ಕಾಲುವೆಯನ್ನು ಬೀಗರು ಸಸಿಯ ಜೊತೆ ಕೊಡಲಾರರು.

ಇಲ್ಲಿ ಪಾಲಿಹೌಸ್ ಒಂದನ್ನೂ ನೋಡಿದೆ, ಹೊರಗಿನಿಂದ. ಒಳಗೆ ದಪ್ಪ ಮೆಣಸಿನಕಾಯಿ. ಬಂದವರ ಬಟ್ಟೆಯಲ್ಲಿ ನುಸಿ, ಕಾಲಿನ ಮಣ್ಣಿನಲ್ಲಿ ಜಂತುಹುಳು ಒಳಸೇರುತ್ತವೆ ಎಂದು ಎರಡು ಬಾಗಿಲು, ನಡುವೆ ಕಾಲು ಅದ್ದುವ ಔಷಧಿ ನೀರು. ಮಧ್ಯಾಹ್ನ ಒಳಗೆ ಹೊರಗಿಗಿಂತ ಹೆಚ್ಚು ಕಾವು. ಪರದೆ ಎತ್ತಿ, ಮಂಜಿನಂತೆ ನೀರು ಚಿಮ್ಮಿಸುತ್ತಿದ್ದರು. ಸಾಲ ಮಾಡಿ ಕಟ್ಟಿದ ರೈತ ಅತಿಥಿಯನ್ನು ಬಾಗಿಲಲ್ಲೇ ನಿಲ್ಲಿಸಿದರೆ ಬೇಸರ ಪಡಬಾರದು.

ಅದೇ ಊರಿನ ಹಿತ್ತಿಲು

ಯಾರೂ ನೋಡಲು ಕರೆದಿರಲಿಲ್ಲ, ನೀರು ಕುಡಿಯಲು ಹೋದಾಗ ಕಂಡದ್ದು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಅದರ ನೆರಳಲ್ಲಿ ಕರಿಬೇವು, ಕನಕಾಂಬರ. ಆಚೆ ನುಗ್ಗೆ, ಪಪ್ಪಾಯಿ, ಬೇಲಿಗೆ ಸೀತಾಫಲ. ಬುಡಕ್ಕೆಲ್ಲ ಶೇಂಗಾ ಸಿಪ್ಪೆಯ ಹೊದಿಕೆ. ಮಲ್ಲಿಗೆ ಬುಡದಲ್ಲಿ ತಳಕ್ಕೆ ತೂತು ಮಾಡಿದ ಮಡಕೆಯನ್ನು ಕುತ್ತಿಗೆವರೆಗೆ ಹೂತು, ತೂತಿಗೆ ಬಟ್ಟೆಯ ಬತ್ತಿ ಇಟ್ಟಿದ್ದರು. ಮೇಲೆ ಮುಚ್ಚಳ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕಂತೆ. ಮೇ ತಿಂಗಳಲ್ಲಿ ಮಲ್ಲಿಗೆ ಮೊಗ್ಗು ತುಂಬಿ ನಿಂತಿತ್ತು.

"ಇದೇನ್ ನೋಡ್ತೀರಣ್ಣ, ಬಚ್ಚಲ ನೀರಿಗೆ ಬೆಳದದ್ದು" ಅಂದರು ಮನೆಯಾಕೆ.

"ಇದನ್ನ ನೋಡಾಕ ಯಾರಾರ ಬರ್ತಾರೇನಕ್ಕ?"

"ಬರ್ತಾರ್ರಿ, ಕರಿಬೇವು ಕೇಳಾಕ."

ದಾವಣಗೆರೆಯ ಕುಂದುವಾಡದಲ್ಲಿ ಗಾಜಿನ ಮನೆ ಕಟ್ಟಿದ್ದೇವೆ, ಜನ ಹೋಗಿ ನೋಡುತ್ತಾರೆ. ಒಳ್ಳೆಯದೇ. ಆದರೆ ತಾರಸಿಯಲ್ಲಿ ಗಿಡ ಇಟ್ಟು ನಲ್ಲಿ ನೀರಿಗೆ ಕಾಯುವವರಿಗೆ ಬೇಕಾದ ವಿದ್ಯೆ ಇರುವುದು ಈ ಹಿತ್ತಿಲಲ್ಲಿ. ಮುಂದಿನ ಬೇಸಿಗೆಗೆ ಪ್ರವಾಸ ತಿರುಗಿಸಬೇಕು: ಚನ್ನಗಿರಿ, ಹೊನ್ನಾಳಿಯವರು ಜಗಳೂರಿಗೆ ಬರಲಿ, ಬೆಳಿಗ್ಗೆ ಒಂಬತ್ತರೊಳಗೆ. ಬರುವಾಗ ಎಲೆಬಳ್ಳಿಯ ತುಂಡು ತರಲಿ, ಹೋಗುವಾಗ ಸೀತಾಫಲದ ಬೀಜ ಒಯ್ಯಲಿ. ಮನೆಯಾಕೆಗೆ ಹೇಳಿ ಬಂದಿದ್ದೇನೆ. ಮಡಕೆಗೆ ಬತ್ತಿ ಇಡುವುದು ತೋರಿಸಲು ಅವರು ಒಪ್ಪಿದ್ದಾರೆ, ಹಳೇ ಮಡಕೆ ಮಾತ್ರ ಬಂದವರೇ ತರಬೇಕಂತೆ.