ತವರಿಗೆ ಬರುವ ಮೀನು

ಪುರಾಣ ಪ್ರವಚನಗಳನ್ನು ಹೇಳುತ್ತ ಊರೂರು ತಿರುಗಿದವರನ್ನು ಮುಪ್ಪಿನಲ್ಲಿ ಒಂದು ಪ್ರಶ್ನೆ ಕಾಡದೆ ಬಿಡುವುದಿಲ್ಲ. ಸಭೆಯಲ್ಲಿ ತಲೆದೂಗಿದವರು ಮನೆಗೆ ಹೋಗಿ ಏನನ್ನಾದರೂ ಬಿಟ್ಟರೇ? ಬಿಟ್ಟವರ ಕಥೆಯೊಂದನ್ನು ನಾನು ಕೇಳಿದ್ದು ಮಠದ ಅಂಗಳದಲ್ಲಲ್ಲ, ಗುಜರಾತಿನ ಕಡಲ ತಡಿಯಲ್ಲಿ.

ತಿಮಿಂಗಿಲ ಶಾರ್ಕ್ ಎಂಬುದು ಜಗತ್ತಿನ ಮೀನುಗಳಲ್ಲೆಲ್ಲ ಅತಿ ದೊಡ್ಡದು. 12 ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಹೆಸರು ಭಯಂಕರವಾದರೂ ಪ್ರಾಣಿ ಸಾಧು. ಬಾಯ್ದೆರೆದು ನೀರನ್ನು ಸೋಸಿ, ಅದರಲ್ಲಿನ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ಉಂಡು ಬದುಕುತ್ತದೆ. ಮೇಲುನೀರಿನಲ್ಲಿ ಮೆಲ್ಲಗೆ ಈಜುವುದೇ ಅದಕ್ಕೆ ಮುಳುವಾಯಿತು. ಸೌರಾಷ್ಟ್ರದ ಬೆಸ್ತರು ಕೊಕ್ಕೆ ನಾಟಿಸಿ, ಅದಕ್ಕೆ ಖಾಲಿ ಪೀಪಾಯಿಗಳನ್ನು ಕಟ್ಟಿ, ಅದು ಮುಳುಗಲಾರದೆ ದಣಿಯುವವರೆಗೆ ಕಾದು ಕೊಲ್ಲುತ್ತಿದ್ದರು. ಹೀಗಾಗಿ ಅದಕ್ಕೆ 'ಬ್ಯಾರಲ್' ಎಂಬ ಹೆಸರೇ ನಿಂತಿತ್ತು! ಮೊದಲು ಅದರ ಯಕೃತ್ತಿನ ಎಣ್ಣೆ ದೋಣಿಗೆ ಬಳಿಯಲು ಬೇಕಾಗಿತ್ತು. 1990ರ ದಶಕದಲ್ಲಿ ಮಾಂಸವೂ ಪರದೇಶಕ್ಕೆ ಹೋಗತೊಡಗಿತು. ಮೈಕ್ ಪಾಂಡೆಯವರು ಈ ಹತ್ಯೆಯನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದರು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿತು.

ಆದರೆ ನಡುಗಡಲಿನಲ್ಲಿ ಕಾಯಿದೆಯ ಪುಸ್ತಕ ತೆರೆದು ನೋಡುವವರಾರು? 2004ರಲ್ಲಿ ಅರಣ್ಯ ಇಲಾಖೆ, ವನ್ಯಜೀವಿ ಟ್ರಸ್ಟ್ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಆರಂಭಿಸಿದ ಅಭಿಯಾನಕ್ಕೆ ರಾಮಕಥೆಯ ಪ್ರವಚನಕಾರರಾದ ಮುರಾರಿ ಬಾಪು ದನಿಗೂಡಿಸಿದರು. ಅವರು ದಂಡದ ಭಯ ಹೇಳಲಿಲ್ಲ. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು ಎಂದರು. 'ಬ್ಯಾರಲ್' ಹೋಗಿ 'ವ್ಹಾಲಿ', ಎಂದರೆ ಅಕ್ಕರೆಯವಳು, ಎಂಬ ಹೆಸರು ಬಂದಿತು. ಉಪಮಾನವನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡ ಪ್ರವಚನವನ್ನು ನಾನು ಬೇರೆ ಕಾಣೆ. ಅಂದಿನಿಂದ ಬಲೆಗೆ ಸಿಕ್ಕ 900ಕ್ಕೂ ಹೆಚ್ಚು ಮೀನುಗಳನ್ನು ಅದೇ ಬೆಸ್ತರು ಬಿಡಿಸಿ ಕಡಲಿಗೆ ಕಳಿಸಿದ್ದಾರೆ.

ಸೋಮನಾಥದ ಯಾತ್ರೆಗೆ ಹೋದಾಗ ಹತ್ತಿರದ ವೆರಾವಲ್ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬನು ಹರುಕು ಹಿಂದಿಯಲ್ಲಿ ಇದನ್ನೆಲ್ಲ ವಿವರಿಸಿದನು. ಸಸ್ಯಾಹಾರಿಯಾದ ನನಗೆ ಆ ವಾಸನೆಯಲ್ಲಿ ಕೂಡುವುದೇ ತಪಸ್ಸಾಗಿತ್ತೆನ್ನಿ. ಮೀನನ್ನು ಬಿಡಿಸಬೇಕಾದರೆ ಬಲೆಯನ್ನು ಕತ್ತರಿಸಬೇಕು. ಬಲೆ ಹೋದರೆ ಅಂದಿನ ದುಡಿಮೆಯೂ ಹೋಯಿತು. ಬಿತ್ತಿದ ಹೊಲಕ್ಕೆ ಹೊಕ್ಕ ದನವನ್ನು ಬಡಿಯದೆ, ರೈತನು ತಾನೇ ಬೇಲಿ ಕಿತ್ತು ದಾರಿ ಬಿಟ್ಟಂತೆ ಇದು. ಚಿತ್ರ ತೆಗೆದು ತೋರಿಸಿದವರಿಗೆ ಅರಣ್ಯ ಇಲಾಖೆಯು ಬಲೆಯ ಪರಿಹಾರ ಕೊಡುತ್ತದೆ. ಅದಿಲ್ಲದೆ ಬರಿಯ ಉಪದೇಶ ಎಷ್ಟು ದಿನ ನಿಲ್ಲುತ್ತಿತ್ತೆಂಬ ಸಂದೇಹ, ನಾನೂ ಪ್ರವಚನಕಾರನೇ ಆದರೂ, ನನಗುಂಟು.

ಗರಗಸ ಮೀನಿಗೂ ಕಾಯಿದೆಯ ರಕ್ಷಣೆ ದೊರೆತದ್ದು ಅದೇ 2001ರಲ್ಲಿ. ಅದರ ಹಲ್ಲುಹಲ್ಲಿನ ಮೂತಿ ಬಲೆಗೆ ಸಿಕ್ಕಿದರೆ ಬಿಡಿಸುವುದು ಕಷ್ಟ, ಬಿಡಿಸುವವನ ಕೈಗೂ ಅಪಾಯ. ಅದನ್ನು ಮಗಳೆಂದು ಕರೆದವರಿಲ್ಲ. ನಮ್ಮ ದೇಶದ ಕರಾವಳಿಯಲ್ಲಿ ಈಗ ಅದು ಕಣ್ಣಿಗೆ ಬೀಳುವುದೇ ಅಪರೂಪ.